ಸೆರೆಮನೆಯಿಂದ ಶಾಸನಸಭೆಗೆ

ಒಂದು ನಾಡು ಸ್ವತಂತ್ರವಾದ ಬಗೆಯನ್ನು ಅರಿಯಬೇಕಾದರೆ ಅದರ ರಾಜ್ಯಾಂಗದ ಪುಟಗಳನ್ನು ತಿರುವಿದರಷ್ಟೇ ಸಾಲದು. ಅದರ ಸೆರೆಮನೆಗಳ ಕಡೆಗೂ ಕಣ್ಣು ಹಾಯಿಸಬೇಕು. ಪಶ್ಚಿಮ ಆಫ್ರಿಕದ ಘಾನಾ ಇದಕ್ಕೊಂದು ನಿದರ್ಶನ.

ಆಂಗ್ಲರ ಆಳ್ವಿಕೆಯಲ್ಲಿ ಆ ನಾಡಿಗೆ ಗೋಲ್ಡ್ ಕೋಸ್ಟ್ ಎಂದು ಹೆಸರು. 1946ರ ರಾಜ್ಯಾಂಗವು ಅಲ್ಲಿನ ಶಾಸನಸಭೆಯಲ್ಲಿ ಆಫ್ರಿಕನರಿಗೆ ಬಹುಮತವನ್ನೇನೋ ಕೊಟ್ಟಿತು. ಅಧಿಕಾರದ ಸೂತ್ರ ಮಾತ್ರ ಗವರ್ನರರ ಕೈಯಲ್ಲಿಯೇ ಉಳಿಯಿತು. 1948ರ ಫೆಬ್ರುವರಿ 28ರಂದು, ಎರಡನೆಯ ಮಹಾಯುದ್ಧದಲ್ಲಿ ಆಂಗ್ಲರ ಪರವಾಗಿ ಕಾದಾಡಿದ್ದ ಸೈನಿಕರು ಅಕ್ರಾ ನಗರದಲ್ಲಿ ತಮ್ಮ ಅಹವಾಲನ್ನು ಹೊತ್ತು ಗವರ್ನರರ ನಿವಾಸದತ್ತ ನಡೆದರು. ಪೊಲೀಸರ ಗುಂಡಿಗೆ ಅವರಲ್ಲಿ ಮೂವರು ಬಲಿಯಾದರು. ನಗರ ಹೊತ್ತಿ ಉರಿಯಿತು. ಸರ್ಕಾರ ಆರು ಮಂದಿ ನಾಯಕರನ್ನು ಬಂಧಿಸಿತು. ವಕೀಲರಾದ ಜೆ. ಬಿ. ಡಾಂಕ್ವಾ ಅವರಲ್ಲೊಬ್ಬರು, ಅವರ ಪಕ್ಷದ ಕಾರ್ಯದರ್ಶಿ ಕ್ವಾಮೆ ಎನ್‌ಕ್ರುಮಾ ಇನ್ನೊಬ್ಬರು.

ಬಳಿಕ ಇವರಿಬ್ಬರ ದಾರಿ ಕವಲೊಡೆಯಿತು. ಹೊಸ ರಾಜ್ಯಾಂಗವನ್ನು ರೂಪಿಸಲು ನೇಮಕವಾದ ಕೂಸಿ ಸಮಿತಿಯಲ್ಲಿ ಆಫ್ರಿಕನರೇ ಇದ್ದರು. ಡಾಂಕ್ವಾ ಅದರ ಸದಸ್ಯರಾದರು. ಎನ್‌ಕ್ರುಮಾರಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಅವರು 1949ರಲ್ಲಿ ಬೇರೆ ಪಕ್ಷ ಕಟ್ಟಿ, ‘ಈಗಲೇ ಸ್ವರಾಜ್ಯ’ ಎಂದು ಸಾರಿ, ಗಾಂಧೀಜಿಯವರ ಮಾರ್ಗದಿಂದ ಪ್ರೇರಣೆ ಪಡೆದು 1950ರ ಜನವರಿಯಲ್ಲಿ ಚಳವಳಿ ಹೂಡಿದರು, ಸೆರೆಮನೆ ಸೇರಿದರು. ಮರುವರ್ಷದ ಚುನಾವಣೆಯಲ್ಲಿ ಸೆರೆಯಲ್ಲಿದ್ದುಕೊಂಡೇ ಗೆದ್ದರು! ಗವರ್ನರ್ ಆರ್ಡನ್-ಕ್ಲಾರ್ಕ್ ಅವರನ್ನು ಬಿಡುಗಡೆ ಮಾಡಿ, ಸರ್ಕಾರ ನಡೆಸಲು ಆಹ್ವಾನಿಸಿದರು. ತಾವು ಹಳಿದ ರಾಜ್ಯಾಂಗವನ್ನೇ ಎನ್‌ಕ್ರುಮಾ ಮೆಟ್ಟಿಲಾಗಿಸಿಕೊಂಡರು. 1952ರಲ್ಲಿ ಪ್ರಧಾನಮಂತ್ರಿಯಾದರು; 1954ರಲ್ಲಿ ಆಂತರಿಕ ಸ್ವಾಡಳಿತ ಬಂದಿತು. ಅಶಾಂತಿ ಪ್ರಾಂತದವರು ಸಂಯುಕ್ತ ರಾಜ್ಯಪದ್ಧತಿಗಾಗಿ ಪಟ್ಟುಹಿಡಿದಾಗ, 1956ರಲ್ಲಿ ಮತ್ತೊಮ್ಮೆ ಜನರ ತೀರ್ಪು ಕೇಳಿ 104 ಸ್ಥಾನಗಳಲ್ಲಿ 71ನ್ನು ಗಳಿಸಿದರು. 1957ರ ಮಾರ್ಚ್ 6ರಂದು ನಾಡು ಸ್ವತಂತ್ರವಾಯಿತು. ‘ಘಾನಾ’ ಎಂಬ ಪ್ರಾಚೀನ ಸಾಮ್ರಾಜ್ಯದ ಹೆಸರನ್ನು ಅದಕ್ಕಿಡಬೇಕೆಂದು ಮೊದಲೇ ಪ್ರತಿಪಾದಿಸಿದ್ದವರು ಡಾಂಕ್ವಾ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಸ್ವಾತಂತ್ರ್ಯ ಬಂದ ಮರುವರ್ಷವೇ, ವಿಚಾರಣೆಯಿಲ್ಲದೆ ಐದು ವರ್ಷ ಸೆರೆಯಲ್ಲಿಡಬಲ್ಲ ಕಾನೂನು ಜಾರಿಗೆ ಬಂದಿತು. 1964ರಲ್ಲಿ ಒಂದೇ ಪಕ್ಷದ ಆಡಳಿತ ಸ್ಥಾಪಿತವಾಯಿತು. ನಾಡಿಗೆ ಹೆಸರು ತಂದ ಡಾಂಕ್ವಾ, 1965ರಲ್ಲಿ ತಮ್ಮ ಹಳೆಯ ಸಹಬಂದಿಯ ಸರ್ಕಾರದ ಸೆರೆಯಲ್ಲಿಯೇ ಕಣ್ಣುಮುಚ್ಚಿದರು. ಮುಂದಿನ ವರ್ಷ ಸೈನ್ಯ ಎನ್‌ಕ್ರುಮಾರನ್ನು ಪದಚ್ಯುತಗೊಳಿಸಿತು. ಅವರು ಪರದೇಶದಲ್ಲಿ ಮಡಿದರು.

ಘಾನಾ ಮತ್ತೆ ದಾರಿ ಕಂಡುಕೊಳ್ಳಲು ಕಾಲ ಹಿಡಿಯಿತು. 1992ರ ರಾಜ್ಯಾಂಗದಡಿ 2000, 2008, 2016, 2024ರ ಚುನಾವಣೆಗಳಲ್ಲಿ ಆಳುವ ಪಕ್ಷ ಸೋತು ಶಾಂತವಾಗಿ ಕೆಳಗಿಳಿದಿದೆ. ಪರಕೀಯರಿಂದ ಅಧಿಕಾರ ಪಡೆಯಲು ಧೈರ್ಯ ಬೇಕು. ಪಡೆದದ್ದನ್ನು ಸ್ವಕೀಯನಾದ ಎದುರಾಳಿಗೆ ಬಿಟ್ಟುಕೊಡಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಸ್ವರಾಜ್ಯದ ನಿಜವಾದ ಪರೀಕ್ಷೆ ಅದೇ ಅಲ್ಲವೆ?