ಗೋಣಿಯ ಮೇಲಿನ ಹೆಸರು

ಕೊಡಗಿನ ಕಾಫಿ ಪುತ್ತೂರಿನ ಹಾದಿಯಾಗಿ, ಸಕಲೇಶಪುರದ ಕಾಫಿ ಶಿರಾಡಿ ಘಾಟಿ ಇಳಿದು, ನಮ್ಮ ಮಾಣಿಯಲ್ಲಿ ಕೂಡಿ ಮಂಗಳೂರಿಗೆ ಹೋಗುವುದನ್ನು ಬೆಳೆಗಾರ ಬಂಧುಗಳು ಬಲ್ಲರು. ಅದರಲ್ಲಿ ಒಂದಂಶ ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲ ಕಳೆದು, ‘ಮಾನ್ಸೂನ್ಡ್ ಮಲಬಾರ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಹಡಗು ಹತ್ತುತ್ತದೆ.

ಹಿಂದೆ ಹಾಯಿಹಡಗು ಆಫ್ರಿಕವನ್ನು ಸುತ್ತಿ ಯುರೋಪು ತಲಪಲು ತಿಂಗಳುಗಳೇ ಹಿಡಿಯುತ್ತಿದ್ದವು. ಕಡಲಿನ ತೇವಕ್ಕೆ ಬೀಜ ಊದಿ ಹಳದಿಗೆ ತಿರುಗುತ್ತಿತ್ತು, ಹುಳಿ ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಚಿಕ್ಕದಾದ ಮೇಲೆ ಗಿರಾಕಿಗಳು ಹಳೆಯ ರುಚಿಯನ್ನೇ ಕೇಳಿದರು. ಅದಕ್ಕಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚೆರಿ ಬೀಜವನ್ನು ಗಾಳಿಯಾಡುವ ಗೋದಾಮಿನಲ್ಲಿ ಹರಡಿ, ಕೈಯಾಡಿಸಿ, ಸಡಿಲವಾಗಿ ಗೋಣಿಗೆ ತುಂಬಿ, ಮತ್ತೆ ಸುರಿದು ತೇವ ಕುಡಿಸುತ್ತಾರೆ. ನಮ್ಮ ಚಾಲಿಗೆ ಬೂಷ್ಟು ಹಿಡಿಸುವ ಅದೇ ತೇವ!

ಇಟಲಿಯ ವೆರೋನಾ ಬಳಿ ಸೊಆವೆ ಎಂಬ ಊರಿದೆ. ಅಲ್ಲಿನ ಸಿಹಿಯಿಲ್ಲದ ಬಿಳಿ ದ್ರಾಕ್ಷಾಮದ್ಯಕ್ಕೂ ಅದೇ ಹೆಸರು. ಅವರ ಮಾತಿನಲ್ಲಿ ಆ ಪದಕ್ಕೆ ‘ಸೌಮ್ಯ’ ಎಂಬ ಅರ್ಥವೂ ಉಂಟು. ಇಂಗ್ಲಿಷರು ಅದನ್ನು ಅನುವಾದಿಸಹೋಗದೆ ಊರ ಹೆಸರಿನಲ್ಲೇ ಕೊಳ್ಳುತ್ತಾರೆ. 1968ರಿಂದ ಅಲ್ಲಿನ ಕಾನೂನು ಆ ಹೆಸರನ್ನು ಕಾಯುತ್ತಿದೆ.

ನಮ್ಮ ಭೌಗೋಳಿಕ ಸೂಚಕ ಕಾಯಿದೆ 1999ರದು. ಮಾನ್ಸೂನ್ಡ್ ಮಲಬಾರ್ ಅದರಡಿ ನೋಂದಣಿಯಾಗಿದೆ. ಹೆಸರಿನಲ್ಲಿ ಮಂಗಳೂರು ಮಾತ್ರ ಇಲ್ಲ. ಶಿರಸಿಯವರು 2019ರಲ್ಲಿ ತಮ್ಮ ಅಡಿಕೆಗೆ ‘ಶಿರಸಿ ಸುಪಾರಿ’ ಎಂದೇ ಪಡೆದರು. ನಮ್ಮ ಚಾಲಿ ಮಾತ್ರ ಸಿಂಗಲ್ ಚೋಲ್, ಡಬಲ್ ಚೋಲ್ ಎಂಬ ದರ್ಜೆಯಿಂದಲೇ ಹೆಚ್ಚಾಗಿ ಗುರುತಾಗುತ್ತದೆ. ಗೋಣಿಯ ಮೇಲೆ ಊರ ಹೆಸರು ಬರೆಯುವುದಾದರೆ ಯಾವುದನ್ನು ಬರೆಯೋಣ? ಮಂಗಳೂರೋ, ಪುತ್ತೂರೋ, ಬಂಟ್ವಾಳವೋ? ಸದಸ್ಯರು ಸಂಘದ ಕಚೇರಿಗೆ ಒಂದು ಕಾರ್ಡು ಬರೆದು ತಿಳಿಸಬೇಕಾಗಿ ಕೋರುತ್ತೇವೆ.