ಕವಡೆಯ ನಾಡಿನ ದೋಣಿಗಳು

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಒಂದು ವಸ್ತುವನ್ನು ತಳ್ಳಿಹಾಕುವಾಗ, ಕವಡೆಯೇ ಕಾಸಾಗಿದ್ದ ಕಾಲವೊಂದಿತ್ತೆಂಬ ನೆನಪು ಆ ಮಾತಿನೊಳಗೇ ಉಳಿದಿದೆ. ಚೌಕಾಬಾರದ ಮನೆಗಳಲ್ಲಿ, ಎಲ್ಲಮ್ಮನ ಜೋಗತಿಯರ ಕೊರಳಲ್ಲಿ, ಸೊಲ್ಲಾಪುರದ ಕಡೆಯವರು ನಡೆದುಕೊಳ್ಳುವ ತುಳಜಾಭವಾನಿಯ ಭಕ್ತರ ಮಾಲೆಯಲ್ಲಿ ಕವಡೆ ಇಂದಿಗೂ ಕಾಣುತ್ತದೆ. ಹಣವಾಗಿ ನಡೆದ ಕವಡೆಯ ಬಹುದೊಡ್ಡ ಆಕರ ಮಾಲ್ಡೀವ್ಸ್ ದ್ವೀಪಗಳ ತಿಳಿನೀರು. 1343–44ರಲ್ಲಿ ಅಲ್ಲಿ ನೆಲೆಸಿ ಖಾಜಿಯಾಗಿಯೂ ಕೆಲಸ ಮಾಡಿದ ಇಬ್ನ್ ಬತೂತ, ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಿದ್ದುದನ್ನೂ ಯೆಮನಿನವರು ಹಡಗಿನ ತಳಭಾರಕ್ಕೆ ಮರಳಿನ ಬದಲು ಕವಡೆಯನ್ನೇ ತುಂಬುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಬರುವಾಗ ಅಕ್ಕಿ, ಹೋಗುವಾಗ ಕವಡೆ. ಹಡಗು ಎರಡೂ ದಾರಿಯಲ್ಲಿ ತುಂಬಿರುತ್ತಿತ್ತು. ಈ ಚಿಕ್ಕ ಸಂಗತಿಯನ್ನು ಹಿಡಿದು ಹೊರಟರೆ, ದ್ವೀಪರಾಷ್ಟ್ರವೊಂದರಲ್ಲಿ ಊರವರೇ ನಡೆಸುವ ನೌಕಾವ್ಯವಹಾರ ಇಂದು ಏಕೆ ಏದುಸಿರು ಬಿಡುತ್ತಿದೆ ಎಂಬುದು ತಿಳಿಯುತ್ತದೆ.

ಮಾಲ್ಡೀವ್ಸಿನಲ್ಲಿ ಸುಮಾರು 1,200 ಹವಳದ್ವೀಪಗಳಿವೆ. ಊರುಗಳಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಒಟ್ಟು ನೆಲ 300 ಚದರ ಕಿಲೋಮೀಟರು ಮಾತ್ರ. ಆದರೆ ಈ ನೆಲ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚೆಲ್ಲಿಕೊಂಡಿದೆ. ಹವಳದ ದಂಡೆಗಳು ಬಳೆಯಂತೆ ಸುತ್ತುವರಿದ ದ್ವೀಪಸಮೂಹಕ್ಕೆ ‘ಅಟಾಲ್’ ಎಂದು ಜಗತ್ತೆಲ್ಲ ಕರೆಯುವ ಹೆಸರು ಅಲ್ಲಿನ ದಿವೇಹಿ ಭಾಷೆಯಿಂದಲೇ ಹೊರಟದ್ದು. ಐದು ಲಕ್ಷ ಮೀರಿದ ಜನಸಂಖ್ಯೆಯಲ್ಲಿ ಐದರಲ್ಲಿ ಎರಡು ಪಾಲು ರಾಜಧಾನಿ ಮಾಲೆಯೊಂದರಲ್ಲೇ ಕಿಕ್ಕಿರಿದಿದೆ. ಉಳಿದವರು ಕೆಲವು ನೂರು, ಕೆಲವು ಸಾವಿರ ಮನೆವಂತರಾಗಿ ದೂರದ ದ್ವೀಪಗಳಲ್ಲಿದ್ದಾರೆ. ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಸಿಮೆಂಟು, ಡೀಸೆಲ್, ಔಷಧ, ಹೀಗೆ ಬಹುತೇಕ ಎಲ್ಲವೂ ಅವರಿಗೆ ಕಡಲಿನ ಮೇಲೆಯೇ ಬರಬೇಕು.

ಹೊತ್ತು ತರುವ ವಾಹನದ ಹೆಸರು ಕನ್ನಡದ ಕಿವಿಗೆ ಹೊಸದಲ್ಲ. ದಿವೇಹಿಯಲ್ಲೂ ಅದು ‘ದೋನಿ’. ಹಿಂದೆ ಹೊರದೇಶಗಳಿಗೆ ಹೋಗುತ್ತಿದ್ದ ದೊಡ್ಡ ಹಾಯಿಹಡಗು ‘ಓಡಿ’. ಹಳೆಯ ಕನ್ನಡದಲ್ಲೂ ತುಳುವಿನಲ್ಲೂ ‘ಓಡ’ ಎಂದರೆ ದೋಣಿ. ತಮಿಳು, ಮಲಯಾಳಗಳಲ್ಲಿ ‘ಓಡಂ’. ಪದಗಳು ಬಂದರಿನಿಂದ ಬಂದರಿಗೆ ಸರಕಿನೊಡನೆ ಸಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇಂಥ ಓಡಗಳ ವ್ಯವಹಾರ ಕಾಸರಗೋಡಿನ ನೆರೆಯಲ್ಲೇ ನಡೆದಿದೆ. ಲಕ್ಷದ್ವೀಪದ ಉತ್ತರಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ದ್ವೀಪಗಳು 1799ರ ಬಳಿಕ ಕಂಪನಿ ಸರ್ಕಾರಕ್ಕೆ ಸೇರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ವರ್ಷವೇ ಈ ದ್ವೀಪಗಳೂ ಮಂಗಳೂರಿನ ಕಚೇರಿಯಿಂದ ಬಿಡುಗಡೆಗೊಂಡವು. ಅಲ್ಲಿಯ ಜನ ತಾವೇ ಕಟ್ಟಿದ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿನ ಬಂದರಕ್ಕೆ ತಂದು ಅಕ್ಕಿ ಒಯ್ಯುತ್ತಿದ್ದರು. ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿದ್ದುದರಿಂದ ದರ ನಿಗದಿ ಮಾಡುವ ಅಧಿಕಾರ ದ್ವೀಪದವರಿಗಿರಲಿಲ್ಲ. ಅನ್ಯಾಯ ದರದಲ್ಲಿತ್ತು, ಓಡ ಮಾತ್ರ ಅವರದಾಗಿತ್ತು, ಎರಡು ದಾರಿಯಲ್ಲೂ ತುಂಬಿಯೇ ಸಾಗುತ್ತಿತ್ತು.

ಮಾಲ್ಡೀವ್ಸಿನ ಓಡಿಗಳ ಕಥೆಯೂ ಬಹುಕಾಲ ಹೀಗೆಯೇ ಇತ್ತು. ಕವಡೆಯ ಚಲಾವಣೆ ನಿಂತ ಮೇಲೆ ಆ ಸ್ಥಾನವನ್ನು ಒಣಮೀನು ತುಂಬಿತು. ಸೂರೆಮೀನನ್ನು ಬೇಯಿಸಿ, ಹೊಗೆಗೊಡ್ಡಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಈ ಸರಕಿಗೆ ಸಿಲೋನು ಕಾಯಂ ಗಿರಾಕಿ. ಮಾಲೆಯ ಸಗಟು ವ್ಯಾಪಾರ 19ನೆಯ ಶತಮಾನದ ನಡುವಿನಿಂದ ಸುಮಾರು ನೂರು ವರ್ಷ ಭಾರತದಿಂದ ಹೋದ ಬೋಹ್ರಾ ವರ್ತಕರ ಕೈಯಲ್ಲಿತ್ತು. ಆದರೆ ಮಾಲೆಯಿಂದ 500 ಕಿಲೋಮೀಟರಿಗೂ ಆಚೆ, ಸಮಭಾಜಕ ವೃತ್ತವನ್ನು ದಾಟಿದ ಮೇಲೆ ಸಿಗುವ ಅಡ್ಡು ಅಟಾಲಿನವರು ಯಾರ ಹಂಗೂ ಇಲ್ಲದೆ ತಮ್ಮ ಓಡಿಗಳಲ್ಲಿ ನೇರವಾಗಿ ಸಿಲೋನಿಗೆ ಹೋಗಿ ಬರುತ್ತಿದ್ದರು. ಮೀನು ಮಾರಿ ಅಲ್ಲಿಯೇ ಅಕ್ಕಿ, ಬಟ್ಟೆ ಕೊಂಡು ಮರಳುವರು. ರಾಜಧಾನಿಯ ಬಂದರನ್ನು ಮುಟ್ಟದೆಯೇ ಅವರ ವರ್ಷ ಸಾಗುತ್ತಿತ್ತು.

ಇದು ಮಾಲೆಗೆ ಒಪ್ಪಿಗೆಯಾಗಲಿಲ್ಲ. ವ್ಯಾಪಾರವೆಲ್ಲ ರಾಜಧಾನಿಯ ಮೂಲಕವೇ ನಡೆಯಬೇಕೆಂಬ ಹಟ ಹೆಚ್ಚುತ್ತ ಹೋಯಿತು. ದೋಣಿಗಳ ಮೇಲೆ ಹೊಸ ತೆರಿಗೆ ಬರಲಿದೆಯೆಂಬ ಘೋಷಣೆ ಅಡ್ಡುವಿನಲ್ಲಿ ಗಲಭೆಯನ್ನೆಬ್ಬಿಸಿತು. 1959ರ ಜನವರಿ 3ರಂದು ದಕ್ಷಿಣದ ದ್ವೀಪಗಳು ತಾವು ಬೇರೆಯೇ ರಾಷ್ಟ್ರವೆಂದು ಸಾರಿದವು. ಅಬ್ದುಲ್ಲಾ ಅಫೀಫ್ ಅಧ್ಯಕ್ಷನಾಗಿದ್ದ ಆ ಸಂಯುಕ್ತ ಸುವಾದಿವ್ ಗಣರಾಜ್ಯ ಬದುಕಿದ್ದು 1963ರವರೆಗೆ. ಗಾನ್ ದ್ವೀಪದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇದ್ದದ್ದು, ಅಲ್ಲಿಯ ಕೂಲಿಯ ಹಣ, ಹಳೆಯ ಪ್ರಾದೇಶಿಕ ಮುನಿಸು ಇವೂ ಈ ಬಂಡಾಯದಲ್ಲಿ ಸೇರಿದ್ದವು. ಆದರೂ ಕಿಡಿ ಬಿದ್ದುದು ದೋಣಿಯ ತೆರಿಗೆಯಿಂದ. 1962ರಲ್ಲಿ ಪ್ರಧಾನಿ ಇಬ್ರಾಹಿಂ ನಾಸಿರ್ ತಾನೇ ಶಸ್ತ್ರಸಜ್ಜಿತ ನೌಕೆಯಲ್ಲಿ ಹೋಗಿ ಬಂಡಾಯದ ತಿನದೂ ದ್ವೀಪವನ್ನು ಜನರಿಲ್ಲದಂತೆ ಮಾಡಿಸಿದನು. ಓಡಿಯ ಒಡೆತನ ಯಾರದು, ಅದು ಯಾವ ಬಂದರಿಗೆ ಹೋಗಬಹುದು ಎಂಬ ಪ್ರಶ್ನೆಗೆ ಒಂದು ಊರೇ ಬರಿದಾಗಬೇಕಾಯಿತು. ಭಾಷೆ, ಗಡಿಗಳ ವಾದವನ್ನು ಬಲ್ಲ ಓದುಗರಿಗೆ, ರಾಜಧಾನಿಗೂ ಅಂಚಿನ ಊರಿಗೂ ನಡುವಿನ ಈ ತಿಕ್ಕಾಟ ತೀರ ಅಪರಿಚಿತವೆನಿಸಲಾರದು.

ಅದೇ ನಾಸಿರನ ಕಾಲದಲ್ಲಿಯೇ ದೇಶ ದೊಡ್ಡ ಉಕ್ಕಿನ ಹಡಗುಗಳತ್ತ ಹೊರಳಿತೆಂಬುದು ಇತಿಹಾಸದ ಒಂದು ವ್ಯಂಗ್ಯ. ಹಳೆಯ ಹಡಗುಗಳನ್ನು ಕೊಂಡು, ತನ್ನ ನೆಲಕ್ಕೆ ಸಂಬಂಧವೇ ಇಲ್ಲದ ಬಂದರುಗಳ ನಡುವೆ ಪರರ ಸರಕು ಸಾಗಿಸಿ ಮಾಲ್ಡೀವ್ಸ್ ಶಿಪ್ಪಿಂಗ್ ಸಂಸ್ಥೆ 1970ರ ದಶಕದಲ್ಲಿ ಹೆಸರು ಮಾಡಿತು. ಎಂಬತ್ತರ ದಶಕದ ಆರಂಭದಲ್ಲಿ ಜಗತ್ತಿನ ಹಡಗುಬಾಡಿಗೆ ಕುಸಿದಾಗ ಈ ವೈಭವವೂ ಕುಸಿಯಿತು. ಪರರ ಸರಕನ್ನೇ ನಂಬಿದವನಿಗೆ ಕೆಟ್ಟ ಕಾಲದಲ್ಲಿ ನೆಚ್ಚಲು ಮನೆಯ ಸರಕೊಂದು ಇರಬೇಕಾಗಿತ್ತು; ಅದು ಅಷ್ಟರಲ್ಲಾಗಲೇ ಕೈತಪ್ಪಿತ್ತು. ವಿದೇಶೀ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿದ ಶ್ರೀಲಂಕಾ 1972ರ ಸುಮಾರಿಗೆ ಒಣಮೀನಿನ ಆಮದಿಗೆ ಕಡಿವಾಣ ಹಾಕಿತು. ಅದೇ 1972ರಲ್ಲಿ ಮಾಲ್ಡೀವ್ಸಿನ ಮೊದಲ ಪ್ರವಾಸಿ ತಾಣವೂ ತೆರೆಯಿತು. 1974ರಿಂದ ದೋನಿಗಳಿಗೆ ಯಂತ್ರ ಬಂತು. ಹಾಯಿಯವನಿಗೆ ಗಾಳಿ ಪುಕ್ಕಟೆಯಾಗಿತ್ತು; ಯಂತ್ರದವನಿಗೆ ಪ್ರತಿ ಮೈಲಿಗೂ ಆಮದಾದ ಡೀಸೆಲ್ ಬೇಕು. ಪ್ರವಾಸೋದ್ಯಮ ಹಣ ತಂದಿತು, ಆದರೆ ಅದು ಹೊರಗೆ ಕಳಿಸುವ ಸರಕು ಯಾವುದೂ ಇಲ್ಲ. ಪ್ರವಾಸಿಗನು ವಿಮಾನದಲ್ಲಿ ಬಂದು ವಿಮಾನದಲ್ಲೇ ಹೋಗುತ್ತಾನೆ. ಅವನ ಊಟ, ಹಾಸಿಗೆ, ಸೋಪು ಮಾತ್ರ ಹಡಗಿನಲ್ಲಿ ಬರುತ್ತವೆ.

ಇಂದಿನ ಸ್ಥಳೀಯ ದೋಣಿಯೊಡೆಯನ ಲೆಕ್ಕ ನಿಂತಿರುವುದು ಇಲ್ಲಿಯೇ. ಮಾಲೆಯ ಉತ್ತರದ ದಕ್ಕೆಯಲ್ಲಿ ಅಟಾಲುಗಳಿಂದ ಬಂದ ಸರಕಿನ ದೋಣಿಗಳು ಸಾಲುಗಟ್ಟಿ ನಿಂತು ಹೊರೆ ತುಂಬಿಕೊಳ್ಳುತ್ತವೆ. ಊರಿನ ಅಂಗಡಿಗೆ ಅಕ್ಕಿಮೂಟೆ, ಯಾರದೋ ಹೊಸ ಮನೆಗೆ ಸಿಮೆಂಟು, ಗ್ಯಾಸ್ ಸಿಲಿಂಡರು, ಶಾಲೆಯ ಪುಸ್ತಕ ಎಲ್ಲವೂ ಅದರಲ್ಲೇ. ಹೋಗುವಾಗ ಜಾಗ ಸಾಲದು. ಮರಳುವಾಗ ಕೆಲವು ಪ್ರಯಾಣಿಕರು, ಖಾಲಿ ಸಿಲಿಂಡರು, ಒಂದಿಷ್ಟು ಮೀನು. ಕಲ್ಲಂಗಡಿ, ಪಪ್ಪಾಯಿ ಬೆಳೆಯುವ ತೊಡ್ಡೂವಿನಂಥ ದ್ವೀಪದ ದೋಣಿಗಳಿಗೆ ಮಾತ್ರ ರಾಜಧಾನಿಯತ್ತ ಬರುವಾಗಲೂ ಹೊರೆಯಿರುತ್ತದೆ. ಅಂಥ ದ್ವೀಪಗಳು ಕಡಿಮೆ. ಆದ್ದರಿಂದ ಎರಡು ದಾರಿಯ ಡೀಸೆಲ್, ಎರಡು ದಾರಿಯ ಕೂಲಿ, ದೋಣಿಯ ಸವೆತ ಎಲ್ಲವನ್ನೂ ಒಂದೇ ದಾರಿಯ ಬಾಡಿಗೆಯಿಂದ ಎತ್ತಬೇಕು. ಬಾಡಿಗೆ ಏರಿಸಿದರೆ ಊರವರೇ ಗೊಣಗುತ್ತಾರೆ. ದೋಣಿಯೊಡೆಯ ಅವರಿಗೆ ಅನ್ಯನಲ್ಲ. ಅದೇ ದ್ವೀಪದವನು, ಹಲವು ವೇಳೆ ನೆಂಟ. ಊರಿನಲ್ಲಿ ಸಾಲ ಹೇಳಿದ ಬಾಡಿಗೆಯನ್ನು ಒತ್ತಾಯದಿಂದ ವಸೂಲು ಮಾಡುವುದು ಅವನಿಂದಾಗದು. ಬೇರೆ ಕಡೆಯ ಸಾಹುಕಾರನಿಗಿರುವ ನಿರ್ದಾಕ್ಷಿಣ್ಯ ಅವನಿಗಿಲ್ಲ.

ಅವನ ಆದಾಯ ರುಫಿಯಾದಲ್ಲಿ, ಖರ್ಚಿನ ದೊಡ್ಡ ಭಾಗ ಡಾಲರಿನಲ್ಲಿ. ಯಂತ್ರ, ಬಿಡಿಭಾಗ, ಫೈಬರು, ಬಣ್ಣ ಎಲ್ಲ ಹೊರಗಿನವು. ಬ್ಯಾಂಕಿನ ದರ ಡಾಲರಿಗೆ 15.42 ರುಫಿಯಾ ಎಂದಿದ್ದರೂ ಆ ದರಕ್ಕೆ ಡಾಲರು ಸಿಗುವುದು ಕಷ್ಟ. ಹೊರಗೆ ಹೆಚ್ಚು ತೆತ್ತು ಕೊಳ್ಳಬೇಕು. ಪ್ರವಾಸಿ ತಾಣಗಳ ಗಳಿಕೆ ಡಾಲರಿನಲ್ಲೇ ಇರುವುದರಿಂದ ಅವುಗಳಿಗೆ ಈ ತೊಡಕಿಲ್ಲ. ಇದರೊಡನೆ ಋತುವಿನ ಲೆಕ್ಕವೂ ಉಂಟು. ಮೇ ತಿಂಗಳಿನಿಂದ ಬೀಸುವ ನೈಋತ್ಯದ ‘ಹುಳಂಗು’ ಕಾಲದಲ್ಲಿ ಅಟಾಲುಗಳ ನಡುವಿನ ತೆರೆದ ಕಾಲುವೆಗಳು ಸಣ್ಣ ದೋಣಿಗೆ ಅಪಾಯದ ದಾರಿಗಳು. ದಕ್ಷಿಣದ ಒಂದೂವರೆ ಡಿಗ್ರಿ ಕಾಲುವೆಯನ್ನು ದಾಟುವುದೆಂದರೆ ನೂರು ಕಿಲೋಮೀಟರಿನಷ್ಟು ತೆರೆದ ಕಡಲು. ಹವಾಮಾನದ ಎಚ್ಚರಿಕೆ ಬಂದ ದಿನ ದೋಣಿ ದಕ್ಕೆಯಲ್ಲೇ ನಿಲ್ಲುತ್ತದೆ. ಸಾಲದ ಬಡ್ಡಿ ನಿಲ್ಲುವುದಿಲ್ಲ, ಮೂಟೆಯ ಈರುಳ್ಳಿ ಕೊಳೆಯುವುದೂ ನಿಲ್ಲುವುದಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ಹಲವು ದ್ವೀಪಗಳ ದಕ್ಕೆಗಳನ್ನೇ ಕಿತ್ತುಹಾಕಿತು. ಅವುಗಳನ್ನು ಮತ್ತೆ ಕಟ್ಟಲಾಯಿತು. ಆದರೂ ಹವಳದ ಬಂಡೆಯ ನಡುವೆ ಅಗೆದ ಬಂದರುಗಳಲ್ಲಿ ಮರಳು ತುಂಬಿಕೊಳ್ಳುತ್ತಲೇ ಇರುತ್ತದೆ. ದೊಡ್ಡ ದೋಣಿ ಕಟ್ಟಿಸಿದರೆ ಮೂಟೆಯೊಂದರ ಖರ್ಚು ಇಳಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಆ ದೊಡ್ಡ ದೋಣಿ ಊರಿನ ಬಂದರನ್ನು ಹೊಗಲಾರದು ಎಂಬುದೂ ಗೊತ್ತು.

ಸರ್ಕಾರದ ಪಾತ್ರ ಇಲ್ಲಿ ಇಬ್ಬಗೆಯದು. ಅಕ್ಕಿ, ಹಿಟ್ಟು, ಸಕ್ಕರೆಗಳು ದೂರದ ದ್ವೀಪದಲ್ಲೂ ಕೈಗೆಟಕುವಂತೆ ಸಹಾಯಧನ ಕೊಡುವುದು ಅದರ ಕರ್ತವ್ಯವೇ. ಸರ್ಕಾರಿ ಸಂಸ್ಥೆಯ ಅಗ್ಗದ ಫೆರಿಗಳು, 2022ರಲ್ಲಿ ಉತ್ತರದ ಅಟಾಲುಗಳಿಂದ ಆರಂಭವಾದ ವೇಗದ ಫೆರಿಜಾಲ, ಆಸ್ಪತ್ರೆಗೋ ಕಚೇರಿಗೋ ಹೋಗಬೇಕಾದ ಬಡವರಿಗೆ ದೊಡ್ಡ ಉಪಕಾರ. ಇವು ಬರಬಾರದಿತ್ತೆಂದು ಯಾರೂ ಹೇಳಲಾರರು. ಆದರೆ ಮರಳುದಾರಿಯಲ್ಲಿ ದೋಣಿಯೊಡೆಯನಿಗೆ ಸಿಗುತ್ತಿದ್ದ ಅಷ್ಟಿಷ್ಟು ಆದಾಯ ಪ್ರಯಾಣಿಕರದೇ ಆಗಿತ್ತು. ಪ್ರಯಾಣಿಕ ಫೆರಿಗೆ ಹೋದ. ದೋಣಿಯೊಡೆಯನಿಗೆ ಉಳಿದದ್ದು ಸಿಮೆಂಟಿನ ಮೂಟೆ. ಸಹಾಯಧನವನ್ನು ಸರ್ಕಾರ ತನ್ನ ಹಡಗಿಗಷ್ಟೇ ಕೊಡುವ ಬದಲು ದಾರಿಗೆ ಕೊಟ್ಟಿದ್ದರೆ, ಅಂದರೆ ಲಾಭವಿಲ್ಲದ ದ್ವೀಪಕ್ಕೆ ಯಾರು ಕ್ರಮವಾಗಿ ಹೋಗುವರೋ ಅವರಿಗೆ ಕೊಟ್ಟಿದ್ದರೆ, ಊರ ದೋಣಿಯೂ ಉಳಿಯಬಹುದಿತ್ತು. ಶಾಂತಸಾಗರದ ಫಿಜಿ ದೇಶದಲ್ಲಿ ಇಂಥ ಪದ್ಧತಿ ಬಹುಕಾಲದಿಂದ ನಡೆದಿದೆ. ಲಾಭವಿಲ್ಲದ ದಾರಿಗಳನ್ನು ಖಾಸಗಿ ಹಡಗಿನವರಿಗೆ ವಹಿಸಿ, ನಷ್ಟದ ಭಾಗವನ್ನು ಸರ್ಕಾರ ತುಂಬಿಕೊಡುತ್ತದೆ. ಅಲ್ಲಿಯೂ ಹಡಗುಗಳು ಹಳೆಯವು, ದೂರುಗಳು ಅನೇಕ. ಆದರೂ ಅಲ್ಲಿನ ಒಡೆತನ ಊರಿನವರ ಕೈಯಿಂದ ಪೂರ್ತಿ ಜಾರಿಲ್ಲ.

ಹೊರದೇಶದ ಸರಕಿನ ಕಥೆ ಇನ್ನೂ ಇಕ್ಕಟ್ಟಿನದು. ಕಂಟೇನರುಗಳು ಕೊಲಂಬೋದಂಥ ದೊಡ್ಡ ಬಂದರಿನಲ್ಲಿಳಿದು, ಸಣ್ಣ ಹಡಗುಗಳಲ್ಲಿ ಮಾಲೆಗೆ ಬರುತ್ತವೆ. ತಮಿಳುನಾಡಿನ ತೂತ್ತುಕುಡಿಯಿಂದ ಮರದ ‘ತೋಣಿ’ಗಳು ತರಕಾರಿ, ಕಲ್ಲು, ಜಲ್ಲಿ ಹೊತ್ತು ಹೋಗುವುದೂ ಹಳೆಯ ರೂಢಿ. 2020ರ ಸೆಪ್ಟೆಂಬರಿನಲ್ಲಿ ಭಾರತದ ಶಿಪ್ಪಿಂಗ್ ಕಾರ್ಪೊರೇಷನ್ ತೂತ್ತುಕುಡಿ, ಕೊಚ್ಚಿಗಳಿಂದ ಕುಳುದುಫುಶಿಯ ಮೂಲಕ ಮಾಲೆಗೆ ನೇರ ಹಡಗುಸೇವೆ ಆರಂಭಿಸಿತು. ರಾಜಧಾನಿಗಿಂತ ಮೊದಲು ಉತ್ತರದ ದ್ವೀಪವೊಂದನ್ನು ಮುಟ್ಟುವ ಆ ಏರ್ಪಾಡು, ಹಿಂದೆ ಅಡ್ಡುವಿನವರು ಬೇಡಿದ್ದನ್ನೇ ಬೇರೆ ಬಗೆಯಲ್ಲಿ ಕೊಟ್ಟಂತಿತ್ತು. 2023ರಲ್ಲಿ ಮಾಲ್ಡೀವ್ಸಿನ ಸರ್ಕಾರಿ ಹಡಗುಸಂಸ್ಥೆಯೂ ತನ್ನದೇ ಹಡಗನ್ನು ತೂತ್ತುಕುಡಿಗೆ ಕಳಿಸತೊಡಗಿತು.

ಈ ಹಡಗುಗಳೂ ಹಳೆಯ ಲೆಕ್ಕವನ್ನು ಮೀರಿಲ್ಲ. ದೇಶ ಹೊರಗೆ ಕಳಿಸುವ ಸ್ವಂತ ಸರಕೆಂದರೆ ಬಹುಪಾಲು ಮೀನು. ತಾಜಾ ಮೀನು ವಿಮಾನವೇರುತ್ತದೆ. ಹೆಪ್ಪುಗಟ್ಟಿಸಿದ ಸೂರೆ ಶೀತಕಂಟೇನರುಗಳಲ್ಲಿ ಥಾಯ್ಲೆಂಡಿನ ಕಾರ್ಖಾನೆಗಳತ್ತ ಹೊರಡುತ್ತದೆ. ಆ ಕಂಟೇನರುಗಳೂ ಅವನ್ನು ಒಯ್ಯುವ ಹಡಗುಗಳೂ ಹೆಚ್ಚಾಗಿ ದೊಡ್ಡ ವಿದೇಶೀ ಕಂಪನಿಗಳವು. ಈರುಳ್ಳಿ, ಮೊಟ್ಟೆ, ಸಿಮೆಂಟು ಇಳಿಸಿದ ಹಡಗು ತೂತ್ತುಕುಡಿಗೆ ಮರಳುವಾಗ ತುಂಬಿಕೊಳ್ಳಲು, ಒಂದು ಕಾಲದಲ್ಲಿ ಕವಡೆಯಾದರೂ ಇತ್ತು.