ಲಿನಕ್ಸ್‌ನಲ್ಲಿ ಐಪಿವಿ6 ಆಫ್ ಮಾಡೋ ಮುಂಚೆ

ಉಬುಂಟು ಹಾಕಿದ ಲ್ಯಾಪ್‌ಟಾಪಿನಲ್ಲಿ ನೆಟ್ ನಿಧಾನ ಆಯ್ತು ಅಂದ ಕೂಡಲೇ ನಮ್ಮಲ್ಲಿ ಯಾರಾದರೊಬ್ಬರು ಕೊಡುವ ಸಲಹೆ: "ಐಪಿವಿ6 ಆಫ್ ಮಾಡು ಮಾರಾಯ". ಒಂದು ಸಾಲು ಸೇರಿಸಿದರೆ ಆಯ್ತು, ಕೆಲವೊಮ್ಮೆ ನೆಟ್ ಚುರುಕೂ ಆಗುತ್ತದೆ. ಅದರಿಂದ ಕಳಕೊಳ್ಳುವುದು ಎಂತ ಅಂತ ಶಂಕರನಾರಾಯಣದ ಒಂದು ಅಡಿಕೆ ತೋಟ ಇಟ್ಟುಕೊಂಡು ನೋಡೋಣ.

ತೋಟದ ಮನೆಗೆ ಫೈಬರ್ ಇದೆ ಅಂದುಕೊಳ್ಳಿ. ಒಂದು ರಾಸ್ಪ್‌ಬೆರಿ ಪೈ ಇಟ್ಟು, ಮಳೆಮಾಪಕದ ಲೆಕ್ಕವನ್ನು ಹಾಸ್ಟೆಲಿನಲ್ಲಿ ಕೂತೇ ನೋಡಬೇಕು. ಮನೆಯೊಳಗೆ ಪೇಜ್ ಸಲೀಸಾಗಿ ತೆರೆಯುತ್ತದೆ, ಹೊರಗಿನಿಂದ ಸಿಗುವುದೇ ಇಲ್ಲ. ರೌಟರಿನ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದೆ ಎಂದರ್ಥ. ಇಡೀ ಬೀದಿಗೆ ಒಂದೇ ಮನೆ ನಂಬರ್ ಇದ್ದ ಹಾಗೆ: ನಾವು ಬರೆದ ಕಾಗದಕ್ಕೆ ಉತ್ತರ ಬರುತ್ತದೆ, ಹೊಸಬರು ಹುಡುಕಿಕೊಂಡು ಬಂದರೆ ಯಾವ ಮನೆಗೆ ಹೋಗುವುದು? ನಮ್ಮ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಪ್ರಯೋಜನವಿಲ್ಲ.

ಐಪಿವಿ4 ವಿಳಾಸ 32 ಬಿಟ್, ಒಟ್ಟು ಸುಮಾರು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದೇ ಖಾಲಿಯಾಯಿತು. 2016ರಲ್ಲಿ ಬಂದ ಜಿಯೋ ಐಪಿವಿ6 ಹಿಡಿದದ್ದು ಶೋಕಿಗಲ್ಲ. ಐಪಿವಿ6 ವಿಳಾಸ 128 ಬಿಟ್. ತೋಟದ ಪೈಗೂ ಸ್ವಂತ ವಿಳಾಸ ಸಿಗುತ್ತದೆ.

ಲಿನಕ್ಸ್ ಇದಕ್ಕೆ ಯಾವತ್ತೋ ತಯಾರು. 1996ರಲ್ಲೇ ಕರ್ನಲ್‌ಗೆ ಮೊದಲ ಕೋಡ್ ಸೇರಿತು, ಜಪಾನಿನ ಉಸಾಗಿ ತಂಡ ಅದನ್ನು ತಿದ್ದಿ ತೀಡಿತು, 2005ರ 2.6.12ರಲ್ಲಿ 'ಪ್ರಾಯೋಗಿಕ' ಅನ್ನೋ ಹಣೆಪಟ್ಟಿ ಹೋಯಿತು. ಶಂಕರನಾರಾಯಣದ ದೇವಸ್ಥಾನದಲ್ಲಿ ಹರಿ, ಹರ ಇಬ್ಬರಿಗೂ ಪೂಜೆ ಆಗುವ ಹಾಗೆ ಒಂದೇ ಯಂತ್ರದಲ್ಲಿ ಎರಡೂ ನಡೆಯುತ್ತವೆ. ಇದೇ ಡ್ಯುಯಲ್ ಸ್ಟ್ಯಾಕ್.

ಹಾಗಾದರೆ ನಿಧಾನ ಯಾಕೆ? ಡಿಎನ್‌ಎಸ್ ಎರಡೂ ವಿಳಾಸ ಕೊಟ್ಟರೆ ಲಿನಕ್ಸ್ ಸಾಮಾನ್ಯವಾಗಿ ಐಪಿವಿ6 ಅನ್ನೇ ಮೊದಲು ಹಿಡಿಯುತ್ತದೆ. ದಾರಿಯಲ್ಲಿ ಎಲ್ಲೋ ಅದು ಕೆಟ್ಟಿದ್ದರೆ ಪ್ರೋಗ್ರಾಂ ಉತ್ತರಕ್ಕೆ ಕಾದು ಕೂರುತ್ತದೆ. ಬ್ರೌಸರುಗಳು ಬುದ್ಧಿವಂತರು, ಕಾಲು ಸೆಕೆಂಡಿನಷ್ಟು ನೋಡಿ ಐಪಿವಿ4ಅನ್ನೂ ಶುರು ಮಾಡುತ್ತವೆ. ನಾವು ಬರೆದ ಸ್ಕ್ರಿಪ್ಟಿಗೆ ಆ ಜಾಣತನ ಇರುವುದಿಲ್ಲ. ಕೆಟ್ಟಿರುವುದು ದಾರಿ, ನಾವು ಮುಚ್ಚುವುದು ಬಾಗಿಲು.

ಬಾಗಿಲು ತೆರೆದಿಟ್ಟರೆ ಚಿಲಕವೂ ಬೇಕಲ್ಲ? ನಮ್ಮ ಪ್ರಕಾರ ನಿಜವಾದ ಅಪಾಯ ಇಲ್ಲಿದೆ. ಐಪಿಟೇಬಲ್ಸ್‌ನಲ್ಲಿ ಬರೆದ ನಿಯಮ ಐಪಿವಿ4ಕ್ಕೆ ಮಾತ್ರ. ಐಪಿವಿ6ಕ್ಕೆ ಐಪಿ6ಟೇಬಲ್ಸ್ ಬೇರೆಯೇ ಇದೆ. ಒಂದಕ್ಕೆ ಬೀಗ ಹಾಕಿ ಇನ್ನೊಂದನ್ನು ಮರೆತರೆ ಪೈಯ ಎಸ್‌ಎಸ್‌ಎಚ್ ಲೋಕಕ್ಕೆಲ್ಲ ತೆರೆದಿರಬಹುದು. ಎನ್‌ಎಫ್‌ಟೇಬಲ್ಸ್‌ನ 'ಐನೆಟ್' ಟೇಬಲ್‌ನಲ್ಲಿ ಬರೆದರೆ ಎರಡಕ್ಕೂ ಒಟ್ಟಿಗೇ ಅನ್ವಯ. ಹಾಗಂತ ಐಸಿಎಂಪಿವಿ6 ಪೂರ್ತಿ ತಡೆಯಬೇಡಿ: ಐಪಿವಿ4ರಲ್ಲಿ ಎಆರ್‌ಪಿ ಮಾಡುತ್ತಿದ್ದ ಪಕ್ಕದ ಯಂತ್ರ ಹುಡುಕುವ ಕೆಲಸ ಇಲ್ಲಿ ಅದರದ್ದೇ. ತಡೆದರೆ ನೆಟ್ಟೇ ಬಂದ್.

ಕೊನೆಗೆ ನಮ್ಮ ಕೋಡ್. ಸರ್ವರ್ 0.0.0.0ರಲ್ಲಿ ಕಿವಿಗೊಟ್ಟರೆ ಐಪಿವಿ4 ಮಾತ್ರ ಕೇಳುತ್ತದೆ. ಅಲ್ಲಿ ಎರಡು ಕೋಲನ್, ಅಂದರೆ :: ಹಾಕಿದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಬರುತ್ತವೆ. ರೌಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟ್ ಬಿಡಿ, ಮೊಬೈಲಿನ ವೈಫೈ ಆಫ್ ಮಾಡಿ, ಡೇಟಾದಲ್ಲಿ ಪೈಯ ವಿಳಾಸವನ್ನು ಚೌಕ ಆವರಣದೊಳಗೆ ಹಾಕಿ ತೆರೆದು ನೋಡಿ.